ಕೊನೆ ಏನಾಗುತ್ತೆ ಅಂತ ಗೊತ್ತಾದ ಮೇಲೂ ‘8 ವಿಮೆನ್’ ನೋಡಬೇಕಾ?

‘8 ವಿಮೆನ್’ ಅನ್ನುವ ಫ್ರೆಂಚ್ ಸಿನಿಮಾ ಶುರು ಮಾಡಿ ಅರ್ಧ ಗಂಟೆಗೆ ನಿಲ್ಲಿಸಿದ್ದೀರಿ. ಮನೆಯಲ್ಲಿ ಕೊಲೆ ಆಗಿದೆ, ಇವರು ನೋಡಿದರೆ ಹಾಡಿಕೊಂಡು ಕುಣಿಯುತ್ತಿದ್ದಾರೆ, ಇದೇನು ತಮಾಷೆನಾ ಅಂತ ನಿಮ್ಮ ಪ್ರಶ್ನೆ. ಅದರ ಮೇಲೆ ಗೆಳತಿಯೊಬ್ಬರು ಕೊನೆಯನ್ನೂ ಹೇಳಿಬಿಟ್ಟಿದ್ದಾರೆ. ಇನ್ನು ಮಿಕ್ಕಿದ್ದನ್ನು ನೋಡಿ ಏನು ಉಪಯೋಗ ಅಂತ ಕೇಳಿದ್ದೀರಿ.

ನೋಡಿ. ಕೊನೆ ಗೊತ್ತಿರುವುದು ಒಂಥರಾ ಒಳ್ಳೆಯದೇ ಆಯ್ತು. ನನಗಂತೂ ‘ಯಾರಿರಬಹುದು, ಯಾರಿರಬಹುದು’ ಅನ್ನುವ ತಲೆಬಿಸಿ ಇಲ್ಲದೆ ನೋಡಿದಾಗಲೇ ಇದರ ಮಜಾ ಜಾಸ್ತಿ ಸಿಕ್ಕಿದ್ದು. ಈ ಉತ್ತರ ಬೇರೆಯವರೂ ಓದುತ್ತಾರೆ, ಹಾಗಾಗಿ ಕೊನೆಯನ್ನು ಇಲ್ಲಿ ಹೇಳುವುದಿಲ್ಲ. ನಡುವಿನ ಒಂದೆರಡು ಗುಟ್ಟು ಹೊರಬೀಳಬಹುದು, ಅಷ್ಟೇ.

ಮೊದಲು ಕತೆ, ಚುಟುಕಾಗಿ. 1950ರ ದಶಕದ ಫ್ರಾನ್ಸ್. ಕ್ರಿಸ್‌ಮಸ್ ಹತ್ತಿರ ಬಂದಿದೆ, ಹಿಮ ಸುರಿಯುತ್ತಿದೆ. ಊರಿಂದ ದೂರದಲ್ಲೊಂದು ದೊಡ್ಡ ಬಂಗಲೆ. ಮನೆ ಯಜಮಾನ ಮಾರ್ಸೆಲ್ ಬೆನ್ನಿಗೆ ಚೂರಿ ನೆಟ್ಟ ಸ್ಥಿತಿಯಲ್ಲಿ ಹಾಸಿಗೆ ಮೇಲೆ ಬಿದ್ದಿದ್ದಾನೆ. ಫೋನ್ ವೈರ್ ಕತ್ತರಿಸಿದ್ದಾರೆ. ಕಾರು ಸ್ಟಾರ್ಟ್ ಆಗುತ್ತಿಲ್ಲ. ರಾತ್ರಿ ನಾಯಿಗಳು ಬೊಗಳಿಲ್ಲ, ಅಂದರೆ ಹೊರಗಿನವರು ಬಂದಿಲ್ಲ. ಒಳಗಿರುವವರು ಎಂಟು ಜನ ಹೆಂಗಸರು: ಹೆಂಡತಿ ಗ್ಯಾಬಿ, ಇಬ್ಬರು ಹೆಣ್ಣುಮಕ್ಕಳಾದ ಸುಜೋನ್ ಮತ್ತು ಕ್ಯಾಥರೀನ್, ಗಾಲಿಕುರ್ಚಿಯಲ್ಲಿರುವ ಅತ್ತೆ (ಗ್ಯಾಬಿಯ ತಾಯಿ), ಗ್ಯಾಬಿಯ ಮದುವೆಯಾಗದ ತಂಗಿ ಆಗುಸ್ಟೀನ್, ಮಾರ್ಸೆಲ್‌ನ ತಂಗಿ ಪಿಯೆರೆಟ್, ಅಡುಗೆಯ ಮದಾಮ್ ಶನೆಲ್, ಹೊಸದಾಗಿ ಸೇರಿದ ಕೆಲಸದವಳು ಲೂಯಿಸ್. ಪೊಲೀಸರಿಲ್ಲ, ಪತ್ತೇದಾರನಿಲ್ಲ. ಒಬ್ಬರನ್ನೊಬ್ಬರು ಕೆದಕಿ, ಚುಚ್ಚಿ, ಬಾಯಿ ಬಿಡಿಸುತ್ತಾ ಹೋಗುತ್ತಾರೆ. ಸತ್ತವನ ಮುಖವನ್ನು ನಮಗೆ ಸರಿಯಾಗಿ ತೋರಿಸುವುದೇ ಇಲ್ಲ. ಇಡೀ ಸಿನಿಮಾದಲ್ಲಿರುವ ಗಂಡಸು ಅವನೊಬ್ಬನೇ, ಅವನದೂ ಬರೀ ಬೆನ್ನು.

ಇದು 2002ರಲ್ಲಿ ಬಂದ ಸಿನಿಮಾ. ನಿರ್ದೇಶಕ ಫ್ರಾನ್ಸ್ವಾ ಓಜೋನ್. ಅವರಿಗೆ ಮೊದಲು ಮಾಡಬೇಕೆಂದಿದ್ದದ್ದು 1939ರ ಹಾಲಿವುಡ್ ಸಿನಿಮಾ ‘ದಿ ವಿಮೆನ್’ನ ರೀಮೇಕ್. ಅದರಲ್ಲೂ ಒಬ್ಬ ಗಂಡಸೂ ಕಾಣಿಸಿಕೊಳ್ಳುವುದಿಲ್ಲ. ಆದರೆ ಅದರ ಹಕ್ಕು ಆಗಲೇ ಹಾಲಿವುಡ್ ನಟಿಯರ ಕೈಯಲ್ಲಿತ್ತು. ಆಗ ಸಿಕ್ಕಿದ್ದು ರಾಬೆರ್ ತೋಮಾ ಎಂಬ ನಾಟಕಕಾರ ಬರೆದ ಹಳೆಯ ಕೊಲೆ ನಾಟಕ. ಓಜೋನ್ ಅದನ್ನು ತೆಗೆದುಕೊಂಡು, ಮಾತುಗಳಿಗೆ ಇನ್ನಷ್ಟು ಮೊನಚು ಕೊಟ್ಟು, ಒಬ್ಬೊಬ್ಬರಿಗೂ ಒಂದೊಂದು ಹಾಡು ಹಂಚಿದರು. ಎಂಟು ಜನ, ಎಂಟು ಹಾಡು.

ನೀವು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ ಅಲ್ವಾ? ನಮ್ಮಮ್ಮನಿಗೆ ಇದನ್ನು ತೋರಿಸಿದಾಗ ಅವರೂ ಇಲ್ಲೇ ನಿಂತರು. “ಹೆಣ ಮೇಲ್ಗಡೆ ಇಟ್ಕೊಂಡು ಕೆಳಗಡೆ ಹಾಡ್ತಾರಲ್ಲೇ, ಇವರಿಗೇನು ಬಂದಿದೆ ದೊಡ್ಡರೋಗ!” ಅಂದರು. ನಮ್ಮ ಸಿನಿಮಾದಲ್ಲಿ ಹೀರೋ ಒದೆ ತಿಂದು ಎದ್ದು ಸೀದಾ ಬೆಟ್ಟದ ಮೇಲೆ ಹಾಡು ಹಾಡಿದರೆ ಅದೇ ಅಮ್ಮನಿಗೆ ಒಂಚೂರೂ ವಿಚಿತ್ರ ಅನ್ನಿಸುವುದಿಲ್ಲ. ಹಾಡಿಗೆ ಕತೆ ನಿಲ್ಲುವುದು ನಮಗೆ ರೂಢಿ. ಆದರೆ ಇಲ್ಲಿ ಹಾಡು ಮಾಡುವ ಕೆಲಸವೇ ಬೇರೆ.

ನನ್ನ ಪ್ರಕಾರ ಇಡೀ ಸಿನಿಮಾದ ಕೀಲಿಕೈ ಇದು: ಮಾತಾಡುವಾಗ ಎಲ್ಲರೂ ಸುಳ್ಳು ಹೇಳುತ್ತಾರೆ, ಹಾಡುವಾಗ ಹೇಳುವುದಿಲ್ಲ. ಮಾಮೂಲಿ ಪತ್ತೇದಾರಿ ಕತೆಯಲ್ಲಿ ಕೊನೆಗೆ ಪತ್ತೇದಾರ ಬಂದು ಎಲ್ಲರನ್ನೂ ಕೂರಿಸಿ ನಿಜ ಹೊರಗೆಳೆಯುತ್ತಾನೆ. ಇಲ್ಲಿ ಆ ಕೆಲಸ ಹಾಡುಗಳದ್ದು. ಮಾತಿನಲ್ಲಿ ಹಲ್ಲು ಕಡಿಯುತ್ತಾ ಇದ್ದವಳು ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾಳೆ, ಬೆಳಕು ಬದಲಾಗುತ್ತದೆ, ಅವಳು ನೇರ ನಮ್ಮ ಕಡೆ ತಿರುಗುತ್ತಾಳೆ. ಆ ಮೂರು ನಿಮಿಷ ಅವಳು ಹೇಳುವುದನ್ನು ನಂಬಬಹುದು. ಹಾಡು ಮುಗಿದ ಕೂಡಲೇ ಮತ್ತೆ ಸುಳ್ಳು ಶುರು. ಈ ಮಾತಿಗೆ ಒಂದೇ ಒಂದು ಹಾಡು ಹೊರತು. ಯಾವುದು ಅಂತ ಹೇಳಲ್ಲ. ಕೊನೆ ಗೊತ್ತಿರುವ ನಿಮಗೆ ಅದು ತಾನಾಗಿ ಸಿಗುತ್ತೆ, ಸಿಕ್ಕಾಗ ನಗು ಬರುತ್ತೆ.

ಒಂದು ಹಾಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಗುಸ್ಟೀನ್ ಪಾತ್ರ ಮಾಡಿದ್ದು ಇಸಬೆಲ್ ಹುಪೇರ್. ಬಿಗಿಯಾಗಿ ಕಟ್ಟಿದ ತುರುಬು, ಕನ್ನಡಕ, ಮಂಕು ಕಂದು ಬಟ್ಟೆ, ಸದಾ ಎದೆ ನೋವು, ಸದಾ ದೂರು. ಅಕ್ಕ ಚಂದ, ಅಕ್ಕನಿಗೆ ದುಡ್ಡಿದೆ, ಅಕ್ಕನಿಗೆ ಗಂಡನಿದ್ದಾನೆ, ತನಗೇನೂ ಇಲ್ಲ. ಬಾಯಿ ತೆಗೆದರೆ ಕೊಂಕು. ಇಂಥ ಒಬ್ಬರು ನಮ್ಮೆಲ್ಲರ ನೆಂಟರ ಪೈಕಿ ಇರುತ್ತಾರೆ. ಹೀಗಿರುವ ಆಗುಸ್ಟೀನ್ ಪಿಯಾನೋ ಮುಂದೆ ಕೂತು ಹಾಡುವುದು ‘ಮೆಸಾಜ್ ಪೆರ್ಸೊನೆಲ್’. 1973ರಲ್ಲಿ ಫ್ರಾನ್ಸ್ವಾಜ್ ಆರ್ಡಿ ಹಾಡಿ, ಫ್ರೆಂಚರಿಗೆಲ್ಲ ಬಾಯಿಪಾಠ ಆಗಿರುವ ಹಾಡು. ಶುರುವಿನಲ್ಲಿ ರಾಗವಿಲ್ಲ, ಬರೀ ಮಾತು. ಫೋನಿನ ಆ ಕಡೆ ನಿನ್ನ ದನಿ ಇದೆ, ನಾನು ಹೇಳಲಾಗದ ಮಾತುಗಳಿವೆ ಅಂತ ಶುರುವಾಗುತ್ತದೆ. ಫೋನ್ ವೈರ್ ಕತ್ತರಿಸಿರುವ ಮನೆಯಲ್ಲಿ! ಆಮೇಲೆ ರಾಗ ಬರುತ್ತದೆ: ಎಂದಾದರೂ ನನ್ನ ಮೇಲೆ ಪ್ರೀತಿ ಇದೆ ಅನ್ನಿಸಿದರೆ ಕಾಯಬೇಡ, ಹುಡುಕಿಕೊಂಡು ಬಾ. ಹುಪೇರ್ ದನಿ ದೊಡ್ಡದಲ್ಲ. ಗಾಯಕಿಯ ದನಿಯೇ ಅಲ್ಲ. ಮುಖದ ಒಂದು ಗೆರೆಯೂ ಜಾಸ್ತಿ ಅಲ್ಲಾಡುವುದಿಲ್ಲ. ಅಲ್ಲಿಯವರೆಗೆ ನಗೆಪಾಟಲಾಗಿದ್ದ ಹೆಂಗಸು ನೋಡನೋಡುತ್ತ ಬೇರೆಯೇ ಆಗಿಬಿಡುತ್ತಾಳೆ. ಈ ಪ್ರೀತಿ ಯಾರ ಮೇಲೆ ಅಂತ ಆಗ ಯೋಚಿಸಬೇಕು. ಕೊಲೆ ಮಾಡಲು ಇವಳಿಗೂ ಕಾರಣವಿತ್ತಾ ಅಂತ ಹೊಳೆಯುವುದು ಹಾಡಿನಿಂದ, ಮಾತಿನಿಂದಲ್ಲ.

ಫಾನಿ ಆರ್ಡಾಂ ಮಾಡಿರುವ ಪಿಯೆರೆಟ್‌ದೂ ಹಾಗೇ. ಕಪ್ಪು ಕೋಟು ಬಿಚ್ಚಿದರೆ ಒಳಗೆ ಕಡುಗೆಂಪು ಬಟ್ಟೆ. ಊರಿನವರು ಇವಳ ಬಗ್ಗೆ ಏನೇನೋ ಆಡಿಕೊಳ್ಳುತ್ತಾರೆ, ಇವಳು ಕ್ಯಾರೇ ಅನ್ನುವುದಿಲ್ಲ. ಯಾರ ಹಂಗೂ ಇಲ್ಲದವಳು ಅಂತ ಮೆರೆಯುವ ಇವಳು ಹಾಡುವುದೇನು? ಪ್ರೀತಿ ಇಲ್ಲದೆ ಬದುಕುವುದಾದರೆ ಸ್ವತಂತ್ರವಾಗಿದ್ದು ಏನು ಬಂತು ಅಂತ. ಕ್ಯಾಥರೀನ್ ಡನವ್ ಮಾಡಿರುವ ಗ್ಯಾಬಿ, ಮುತ್ತು ರತ್ನ ತುಪ್ಪಳದ ಕೋಟಿನ ಹೆಂಗಸು. ಅವಳ ಹಾಡು: ಬೇರೆಯವರು ನನಗೆ ಕಾರು, ಒಡವೆ ಕೊಡುತ್ತೇವೆ ಅನ್ನುತ್ತಾರೆ, ಚಂದ ಇದ್ದೀಯ ಅನ್ನುತ್ತಾರೆ. ನೀನು ಮಾತ್ರ ಯಾವತ್ತೂ ಇಲ್ಲ. ದೂರಾ, ಪ್ರೀತಿಯಾ? ಎರಡೂ.

ಇನ್ನೊಂದು ವಿಷಯ ತಿಳಿದುಕೊಂಡು ನೋಡಿದರೆ ಹಾಡುಗಳ ತಮಾಷೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಇವು ಯಾವುವೂ ಈ ಸಿನಿಮಾಗೆ ಬರೆದವಲ್ಲ. ಎಲ್ಲವೂ ಫ್ರೆಂಚ್ ರೇಡಿಯೋದಲ್ಲಿ ಸವೆದ ಹಳೆಯ ಹಿಟ್‌ಗಳು. ಕತೆ ನಡೆಯುವುದು 50ರ ದಶಕದಲ್ಲಿ, ಹಾಡುಗಳು ಬಹುಪಾಲು 60, 70, 80ರ ದಶಕದವು. ಅಂದರೆ ಆ ಹೆಂಗಸರು ಇನ್ನೂ ಹುಟ್ಟದ ಹಾಡುಗಳನ್ನು ಹಾಡುತ್ತಿದ್ದಾರೆ. ಓಜೋನ್ ಇದನ್ನು ಮುಚ್ಚಿಡಲು ಹೋಗುವುದಿಲ್ಲ. ನಮ್ಮಲ್ಲಿ ಯಾರಾದರೂ ಮಲೆನಾಡಿನ ಹಳೇ ತೊಟ್ಟಿಮನೆಯಲ್ಲಿ ಕೊಲೆ ಕತೆ ಇಟ್ಟು, ಅತ್ತೆ ಸೊಸೆ ನಾದಿನಿ ಎಲ್ಲರ ಬಾಯಲ್ಲೂ ಬೇರೆ ಬೇರೆ ಕಾಲದ ರೇಡಿಯೋ ಚಿತ್ರಗೀತೆ ಹಾಡಿಸಿದರೆ ಹೇಗಿರುತ್ತದೆ, ಹಾಗೆ. ಮೊದಲ ಸಾಲಿಗೇ ಥಿಯೇಟರ್ ಇಡೀ ‘ಅರೆ, ಈ ಹಾಡು!’ ಅನ್ನುತ್ತದೆ. ಆಮೇಲೆ ಅದೇ ಹಾಡಿಗೆ ಇಲ್ಲಿ ಬೇರೆ ಅರ್ಥ ಬಂದಿದೆ ಅಂತ ನಿಧಾನಕ್ಕೆ ಗೊತ್ತಾಗುತ್ತದೆ. ನಮಗೆ ಆ ನೆನಪಿನ ಸುಖ ಸಿಗಲ್ಲ, ನಿಜ. ಅದಕ್ಕೇ ಹೇಳುವುದು, ಮೂಲ ಹಾಡು ಒಂದೆರಡನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಈಗ ನನಗೆ ತುಂಬ ಇಷ್ಟವಾದ ಒಂದು ಸಂಗತಿ. ಹಿನ್ನೆಲೆ ಗಾಯನ ನಮ್ಮ ಸೊತ್ತು ಅಂದುಕೊಂಡಿರುತ್ತೇವೆ. ಫ್ರಾನ್ಸಿನಲ್ಲೂ ಅದಿತ್ತು. ಡನವ್‌ಗೆ ಹೆಸರು ತಂದುಕೊಟ್ಟಿದ್ದೇ 1964ರ ‘ದಿ ಅಂಬ್ರೆಲಾಸ್ ಆಫ್ ಶೆರ್ಬೂರ್ಗ್’. ಅದರಲ್ಲಿ ಮಾತೂ ಹಾಡೇ. ಆ ದನಿ ಮಾತ್ರ ಡನವ್‌ದಲ್ಲ, ಡೇನಿಯಲ್ ಲಿಕಾರಿ ಎಂಬ ಗಾಯಕಿಯದು. 1967ರಲ್ಲಿ ಬಂದ ಇನ್ನೊಂದು ಸಂಗೀತಮಯ ಸಿನಿಮಾ ‘ದಿ ಯಂಗ್ ಗರ್ಲ್ಸ್ ಆಫ್ ರೋಶ್‌ಫೋರ್’ನಲ್ಲೂ ಅವರ ತುಟಿಗೆ ಬೇರೆಯವರ ದನಿ. ಆ ಸಿನಿಮಾದಲ್ಲಿ ಅವರ ತಾಯಿಯ ಪಾತ್ರ ಮಾಡಿದ್ದು ಡೇನಿಯಲ್ ಡಾರಿಯೂ. ಮುಖ್ಯ ನಟರಲ್ಲಿ ತಮ್ಮ ಹಾಡು ತಾವೇ ಹಾಡಿದ್ದು ಡಾರಿಯೂ ಒಬ್ಬರೇ. ಮೂವತ್ತೈದು ವರ್ಷ ಕಳೆದ ಮೇಲೆ ‘8 ವಿಮೆನ್’ನಲ್ಲಿ ಅದೇ ಡಾರಿಯೂ ಮತ್ತೆ ಅದೇ ಡನವ್‌ಗೆ ತಾಯಿ. ಈ ಸಲ ಇಬ್ಬರೂ ಸ್ವಂತ ದನಿಯಲ್ಲೇ ಹಾಡುತ್ತಾರೆ. ಎಂಟೂ ಜನ ಅಷ್ಟೇ. ಶ್ರುತಿ ಅಲ್ಲಲ್ಲಿ ಅಳುಕುತ್ತದೆ, ಉಸಿರು ಕೇಳಿಸುತ್ತದೆ. ಅದನ್ನು ತಿದ್ದಿ ನುಣುಪು ಮಾಡಿದ್ದರೆ ಈ ಹಾಡುಗಳನ್ನು ನಾವು ನಂಬುತ್ತಿರಲಿಲ್ಲ.

ಡಾರಿಯೂ ಹುಟ್ಟಿದ್ದು 1917ರಲ್ಲಿ. ಸಿನಿಮಾಗೆ ಬಂದಾಗ ಮಾತಿನ ಚಿತ್ರಗಳೇ ಹೊಸದು. ‘8 ವಿಮೆನ್’ ತೆರೆಗೆ ಬಂದಾಗ 84 ವರ್ಷ. ಕಿರಿಯ ಮಗಳಾಗಿರುವ ಲುದಿವೀನ್ ಸಾನ್ಯೇ ಹುಟ್ಟಿದ್ದು 1979ರಲ್ಲಿ. ಈ ಇಬ್ಬರ ನಡುವೆ ಅರುವತ್ತು ವರ್ಷದ ಫ್ರೆಂಚ್ ಸಿನಿಮಾ ಆ ಒಂದು ಹಾಲ್‌ನಲ್ಲಿ ಕೂತಿದೆ. ಓಜೋನ್‌ಗೆ ಇದು ಚೆನ್ನಾಗಿ ಗೊತ್ತು, ಅದರ ಜೊತೆ ಆಟವಾಡುತ್ತಾರೆ. ಉದಾಹರಣೆಗೆ ಎಮಾನ್ಯುಯೆಲ್ ಬೆಯಾರ್ ಮಾಡಿರುವ ಕೆಲಸದವಳು ಲೂಯಿಸ್ ಹತ್ತಿರ ಹಳೆಯ ಯಜಮಾನಿಯ ಫೋಟೋ ಒಂದಿರುತ್ತದೆ. ಆ ಫೋಟೋದಲ್ಲಿರುವುದು ರೋಮಿ ಶ್ನೈಡರ್, 1982ರಲ್ಲಿ ತೀರಿಕೊಂಡ ದೊಡ್ಡ ತಾರೆ. ಗೊತ್ತಿದ್ದವರಿಗೆ ಅಲ್ಲೊಂದು ಸಣ್ಣ ಝುಮ್ಮು.

ಡನವ್ ಮತ್ತು ಆರ್ಡಾಂ ಎದುರುಬದುರಾಗುವ ದೃಶ್ಯವಂತೂ ಇನ್ನೂ ತುಂಟತನದ್ದು. ಅತ್ತಿಗೆ ನಾದಿನಿ ಜಗಳ. ಮಾತಿಗೆ ಮಾತು ಬೆಳೆದು ಕೈಗೆ ಕೈ ಸೇರಿ ಇಬ್ಬರೂ ಕಾರ್ಪೆಟ್ ಮೇಲೆ ಹೊರಳಾಡುತ್ತಾರೆ. ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನೀವೇ ನೋಡಿ. ಫ್ರೆಂಚ್ ಪ್ರೇಕ್ಷಕರು ಇದಕ್ಕೆ ಇಷ್ಟು ನಕ್ಕಿದ್ದೇಕೆ ಅಂದರೆ, ಈ ಇಬ್ಬರೂ ನಿಜಜೀವನದಲ್ಲಿ ಬೇರೆ ಬೇರೆ ಕಾಲದಲ್ಲಿ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಜೊತೆ ಇದ್ದವರು. 1984ರಲ್ಲಿ ತ್ರೂಫೋ ತೀರಿಕೊಳ್ಳುವಾಗ ಜೊತೆಗಿದ್ದದ್ದು ಆರ್ಡಾಂ. ಇಬ್ಬರ ಒಳ್ಳೆಯ ಸಿನಿಮಾಗಳಲ್ಲಿ ಕೆಲವನ್ನು ತೆಗೆದದ್ದೂ ಆತನೇ. ಒಬ್ಬ ಸತ್ತ ಗಂಡಸಿನ ಸುತ್ತ ಇಬ್ಬರು ಹೆಂಗಸರ ಜಗಳ ಅಂತ ಚಿತ್ರಕತೆಯಲ್ಲಿ ಬರೆದು, ಅದನ್ನು ಇವರಿಬ್ಬರಿಂದಲೇ ಮಾಡಿಸಿದ ಧೈರ್ಯಕ್ಕೆ ಓಜೋನ್‌ಗೆ ಕೈ ಮುಗಿಯಬೇಕು. ಇಬ್ಬರೂ ಒಪ್ಪಿ ಮಾಡಿದ್ದಕ್ಕೆ ಅವರಿಗೆ ಇನ್ನೂ ಒಂದು ಸಲ.

ಬಣ್ಣ, ಬಟ್ಟೆಯ ಬಗ್ಗೆ ಜಾಸ್ತಿ ಹೇಳಲ್ಲ. ಸೆಟ್ ಅನ್ನೋದು ಕಣ್ಣಿಗೆ ರಾಚುವ ಹಾಗೆಯೇ ಕಟ್ಟಿದ್ದಾರೆ. ಕಿಟಕಿಯಾಚೆ ಸುಳ್ಳು ಹಿಮ, ಅದರಲ್ಲೊಂದು ಜಿಂಕೆ. 50ರ ದಶಕದ ಹಾಲಿವುಡ್ ಕಣ್ಣೀರ ಕತೆಗಳ ಟೆಕ್ನಿಕಲರ್ ಬಣ್ಣವನ್ನು ಬೇಕೆಂದೇ ತಂದಿದ್ದಾರೆ. ಟೈಟಲ್ ಕಾರ್ಡಿನಲ್ಲಿ ಒಬ್ಬೊಬ್ಬ ನಟಿಯ ಹೆಸರಿಗೂ ಒಂದೊಂದು ಹೂವು. ಒಬ್ಬೊಬ್ಬರಿಗೂ ಒಂದು ಬಣ್ಣ. ಆಗುಸ್ಟೀನ್ ಬಟ್ಟೆ ಯಾವಾಗ ಬದಲಾಗುತ್ತೆ ಅಂತ ಮಾತ್ರ ಗಮನಿಸಿ. ಮೆಟ್ಟಿಲಿಳಿದು ಬರುವವಳು ಯಾರು ಅಂತ ಒಂದು ಕ್ಷಣ ಗೊತ್ತೇ ಆಗುವುದಿಲ್ಲ.

ಹಾಗಂತ ಎಲ್ಲ ಚೆನ್ನಾಗಿದೆ ಅಂತೇನಿಲ್ಲ. ನಡುವಿನಲ್ಲಿ ಕತೆ ಜಗ್ಗುತ್ತದೆ. ಒಬ್ಬಳ ಗುಟ್ಟು, ಆಮೇಲೆ ಇನ್ನೊಬ್ಬಳ ಗುಟ್ಟು, ಆಮೇಲೆ ಮತ್ತೊಬ್ಬಳದು ಅಂತ ಸರದಿ ಪ್ರಕಾರ ಬರುವಾಗ ನಾಟಕದ ವಾಸನೆ ಹೊಡೆಯುತ್ತದೆ. ಎಷ್ಟು ಗುಟ್ಟು ಅಂದರೆ, ಆರನೆಯದು ಹೊರಬರುವಷ್ಟರಲ್ಲಿ ಬೆಚ್ಚಿಬೀಳುವುದನ್ನು ನಾವು ಬಿಟ್ಟಿರುತ್ತೇವೆ. ಗಾಲಿಕುರ್ಚಿಯ ಅಜ್ಜಿ ಎದ್ದು ನಡೆದಾಗ ಬರುವ ನಗು ಕೊನೆಕೊನೆಗೆ ಬರುವುದಿಲ್ಲ.

ನನಗೆ ನಿಜವಾಗಿ ಬೇಜಾರಾಗುವುದು ಮದಾಮ್ ಶನೆಲ್ ವಿಷಯದಲ್ಲಿ. ಆ ಪಾತ್ರ ಮಾಡಿರುವುದು ಗ್ವಾಡಲೂಪ್ ಮೂಲದ ಫರ್ಮೀನ್ ರಿಶಾರ್. ಎಂಟು ಜನರಲ್ಲಿ ಕಪ್ಪು ಮೈಬಣ್ಣದವರು ಅವರೊಬ್ಬರೇ. ‘ನಮ್ಮ ಮನೆಯವಳೇ’ ಅಂತ ಎಲ್ಲರೂ ಹೇಳುತ್ತಿರುತ್ತಾರೆ. ಮಕ್ಕಳನ್ನು ಎತ್ತಿ ಆಡಿಸಿದವಳು. ಅವಳು ಹೆಣ್ಣೊಬ್ಬಳನ್ನು ಪ್ರೀತಿಸುತ್ತಾಳೆ ಅಂತ ಗೊತ್ತಾದ ಗಳಿಗೆಯಲ್ಲಿ ಅದೇ ಮನೆಯವರ ಮುಖ ನೋಡಬೇಕು. ಆಗ ಅವಳು ಹಾಡುವುದು 1972ರಲ್ಲಿ ದಲಿದಾ ಹಾಡಿದ್ದ ಹಾಡು. ಒಂಟಿಯಾಗಿ ಬದುಕಬಾರದು ಅಂತ ಜನ ಏನೇನು ಮಾಡುತ್ತಾರೆ ಅನ್ನುವ ಹಾಡು: ಯಾರೋ ನಾಯಿ ಸಾಕುತ್ತಾರೆ, ಹುಡುಗಿಯರು ಹುಡುಗಿಯರನ್ನು ಪ್ರೀತಿಸುತ್ತಾರೆ. ಎಂಟರಲ್ಲಿ ನನ್ನ ಕಣ್ಣು ಒದ್ದೆ ಮಾಡಿದ್ದು ಇದೊಂದೇ. ಇಷ್ಟು ಕೊಟ್ಟ ಪಾತ್ರಕ್ಕೆ ಕತೆ ಆಮೇಲೆ ಸರಿಯಾದ ಜಾಗ ಕೊಡುವುದಿಲ್ಲ. ಸುಜೋನ್ ಪಾತ್ರಕ್ಕೆ ಕೊಟ್ಟ ಸಮಯದಲ್ಲಿ ಅರ್ಧವಾದರೂ ಇವಳಿಗೆ ಸಿಗಬೇಕಿತ್ತು.

‘ಹೆಂಗಸರೆಂದರೆ ಬರೀ ಹೊಟ್ಟೆಕಿಚ್ಚು, ಜಗಳ ಅಂತ ತೋರಿಸಿದ್ದಾರೆ’ ಅನ್ನುವ ತಕರಾರೂ ಉಂಟು. ಮೊದಮೊದಲು ನನಗೂ ಹಾಗನ್ನಿಸುತ್ತಿತ್ತು, ಈಗ ಇಲ್ಲ. ಇವರ ದುಡ್ಡು, ಮನೆ, ಮರ್ಯಾದೆ ಎಲ್ಲದರ ಕೀಲಿ ಮುಖ ಕಾಣದ ಆ ಒಬ್ಬ ಗಂಡಸಿನ ಕೈಲಿತ್ತು. ಅಜ್ಜಿಯ ಷೇರುಪತ್ರಗಳು, ಪಿಯೆರೆಟ್ ಕೇಳಿದ ಹಣ, ಸುಜೋನ್‌ಳ ಭವಿಷ್ಯ, ಕೆಲಸದವಳ ಕೆಲಸ, ಒಂದನ್ನಾದರೂ ಅವನನ್ನು ಬಿಟ್ಟು ಯೋಚಿಸಿ ನೋಡಿ, ಆಗಲ್ಲ. ಕಚ್ಚಾಡದೆ ಇನ್ನೇನು ಮಾಡುತ್ತಾರೆ? ಜಗಳ ಅವರ ಗುಣದಿಂದ ಬಂದದ್ದಲ್ಲ, ಆ ಮನೆ ನಡೆಯುತ್ತಿದ್ದ ರೀತಿಯಿಂದ ಬಂದದ್ದು. ಅದನ್ನು ಭಾಷಣವಾಗಿ ಹೇಳದೆ ಹಾಡಿಸಿ ಕುಣಿಸಿ ಹೇಳಿದ್ದಾರೆ.

ಪ್ರಶಸ್ತಿ ವಿಷಯ ಕೇಳಿದ್ದೀರಲ್ಲ. 2002ರ ಬರ್ಲಿನ್ ಚಿತ್ರೋತ್ಸವದಲ್ಲಿ ಎಂಟೂ ನಟಿಯರಿಗೆ ಒಟ್ಟಿಗೇ ಬೆಳ್ಳಿ ಕರಡಿ ಕೊಟ್ಟರು. ಯುರೋಪಿಯನ್ ಫಿಲ್ಮ್ ಅವಾರ್ಡ್‌ನಲ್ಲೂ ಅತ್ಯುತ್ತಮ ನಟಿ ಪ್ರಶಸ್ತಿ ಎಂಟು ಜನಕ್ಕೂ ಸೇರಿಯೇ. ಫ್ರಾನ್ಸಿನ ಸೀಸರ್ ಪ್ರಶಸ್ತಿಗೆ 12 ನಾಮನಿರ್ದೇಶನ ಆಗಿ ಒಂದೂ ಬರಲಿಲ್ಲ. ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಬಿಡುವುದು ಕಷ್ಟವೇ ಬಿಡಿ. 2021ರಲ್ಲಿ ಇಟಲಿಯವರು ಇದೇ ಕತೆಯನ್ನು ಏಳು ಹೆಂಗಸರನ್ನಿಟ್ಟು ಮಾಡಿದರು. ಮೊದಲು ಇದನ್ನು ಮುಗಿಸಿ.

ನಿಮ್ಮ ಗೆಳತಿ ಹೇಳಿದ ಕೊನೆಗೆ ಬರೋಣ. ಕೊನೆಯಲ್ಲಿ ಎರಡು ಇವೆ. ಒಂದು, ಏನು ನಡೆದಿತ್ತು ಅನ್ನುವುದು. ನಿಮಗೆ ಹೇಳಿದ್ದು ಅದನ್ನೇ ಇರಬೇಕು. ಇನ್ನೊಂದು, ಅದು ಗೊತ್ತಾದ ಮೇಲೆ ಕೆಲವೇ ಸೆಕೆಂಡಿನಲ್ಲಿ ಏನಾಗುತ್ತದೆ ಅನ್ನುವುದು. ಅದು ಆದ ಕೂಡಲೇ ಡಾರಿಯೂ ಎಂಟನೇ ಹಾಡು ಎತ್ತಿಕೊಳ್ಳುತ್ತಾರೆ. ಕವಿ ಲೂಯಿ ಅರಾಗೋಂ ಯುದ್ಧದ ಕಾಲದಲ್ಲಿ, 1943ರಲ್ಲಿ ಬರೆದ ಕವಿತೆ. ಹತ್ತು ವರ್ಷದ ಮೇಲೆ ಜಾರ್ಜ್ ಬ್ರಾಸೆನ್ಸ್ ರಾಗ ಹಾಕಿ ಹಾಡಿದ್ದರು. ಸುಖವಾದ ಪ್ರೀತಿ ಅನ್ನುವುದೇ ಇಲ್ಲ ಅನ್ನುತ್ತದೆ ಹಾಡು. ಅಷ್ಟು ಹೊತ್ತು ಒಬ್ಬರ ಮೇಲೊಬ್ಬರು ವಿಷ ಕಾರಿದ ಹೆಂಗಸರು ಆಗ ಏನು ಮಾಡುತ್ತಾರೆ ಅನ್ನುವುದನ್ನು ಯಾವ ಗೆಳತಿಯೂ ಹೇಳಿ ಕೆಡಿಸಲಾಗದು. ಅದನ್ನು ನೋಡಿಯೇ ತಿಳಿಯಬೇಕು.

ನೋಡುವಾಗ ಎರಡು ಮಾತು ನೆನಪಿಡಿ. ಹಾಡುಗಳಿಗೂ ಸಬ್‌ಟೈಟಲ್ ಇರುವ ಪ್ರತಿಯನ್ನೇ ಹುಡುಕಿ. ಕೆಲವದರಲ್ಲಿ ಮಾತಿಗೆ ಮಾತ್ರ ಕೊಟ್ಟು ಹಾಡನ್ನು ಹಾಗೇ ಬಿಟ್ಟಿರುತ್ತಾರೆ. ಅಂಥದ್ದು ಸಿಕ್ಕಿದ್ದರೆ ನಿಮಗೆ ‘ಇದೇನು ತಮಾಷೆ’ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಎರಡನೆಯದು, ನಿಲ್ಲಿಸಿದ ಕಡೆಯಿಂದ ಮುಂದುವರಿಸಬೇಡಿ, ಶುರುವಿನಿಂದಲೇ ಹಾಕಿ. ಕೊನೆ ಗೊತ್ತಿರುವ ಕಣ್ಣಿಗೆ ಮೊದಲ ಹದಿನೈದು ನಿಮಿಷದಲ್ಲೇ ಬೇಕಾದಷ್ಟು ಸಿಗುತ್ತದೆ. ಮನೆಯಲ್ಲಿ ಯಾರು ಏನು ಕೇಳುತ್ತಾರೆ, ಯಾರು ಯಾವುದಕ್ಕೆ ಬೇಗ ಉತ್ತರ ಕೊಡುತ್ತಾರೆ, ಯಾರು ಜಾಸ್ತಿ ಗಾಬರಿಯಾಗುತ್ತಾರೆ ಅಂತ ನೋಡ್ತಾ ಹೋಗಿ. ಇಷ್ಟವಾದರೆ ಓಜೋನ್ ಅವರೇ 2023ರಲ್ಲಿ ಮಾಡಿದ ‘ಮೊಂ ಕ್ರೀಮ್’ ಹಾಕಿಕೊಳ್ಳಿ. ಅದೂ ಹಳೆಯ ನಾಟಕ, ಅಲ್ಲೂ ಕೊಲೆ, ಅಲ್ಲೂ ಹುಪೇರ್. ಅದರಲ್ಲಿ ಕೊಲೆ ನಾನೇ ಮಾಡಿದ್ದು ಅಂತ ಹೇಳಿಕೊಳ್ಳಲು ಪೈಪೋಟಿ.